ಕೊಂಬು ಕಲಿಸುವ ಪಾಠ

ಆಲೂರು, ಸಕಲೇಶಪುರಗಳ ಬೆಟ್ಟದ ಸೀಮೆಯ ಜಾತ್ರೆಯಲ್ಲಿ ಕೊಂಬು ಮೊಳಗಿದರೆ ಕಣಿವೆಯಾಚೆಗೂ ಕೇಳಿಸುತ್ತದೆ. ಆ ನಾದ ಲೋಹದಲ್ಲಿ ಹುಟ್ಟುವುದೆಂದು ಬಹುಮಂದಿ ನಂಬಿರುವರು. ಅದು ಸರಿಯಲ್ಲ. ಬಿಗಿಹಿಡಿದ ತುಟಿಗಳು ಕಂಪಿಸುತ್ತವೆ. ಕೊಳವೆಯೊಳಗಿನ ವಾಯುಸ್ತಂಭವು ತನಗೊಪ್ಪುವ ಕಂಪನಗಳನ್ನು ಮಾತ್ರ ಬಲಪಡಿಸುತ್ತದೆ. ಅಗಲವಾದ ಬಾಯಿ ಅವನ್ನು ಹೊರಕ್ಕೆ ಹರಡುತ್ತದೆ.

ಆದುದರಿಂದ ಲೋಹವನ್ನು ನೋಡಿ ವಾದ್ಯದ ಕುಲವನ್ನು ಹೇಳಲಾಗದು. ಕದ್ರಿ ಗೋಪಾಲನಾಥರು (1949–2019) ನುಡಿಸಿದ ಸ್ಯಾಕ್ಸೊಫೋನು ಹಿತ್ತಾಳೆಯದಾದರೂ ಅದರಲ್ಲಿ ಕಂಪಿಸುವುದು ತೆಳುವಾದ ಜೊಂಡಿನ ಪಟ್ಟಿ. ಅದು ಈ ಕುಲದ್ದಲ್ಲ. ಶಂಖವಾದರೋ ಲೋಹದ ಲೇಶವೂ ಇಲ್ಲದೆ ಈ ಕುಲಕ್ಕೆ ಸೇರಿದೆ.

ಕೊಂಬು, ಕಹಳೆಗಳ ಉದ್ದ ಬದಲಾಗದು. ತುಟಿಯ ಬಿಗಿತದಿಂದ ಕೆಲವೇ ಸ್ವರಗಳು ದೊರೆಯುತ್ತವೆ. ಟ್ರಾಂಬೋನಿನಲ್ಲಿ ಜಾರುವ ಕೊಳವೆಯಿಂದ ಉದ್ದವನ್ನು ಹೆಚ್ಚುಕಡಿಮೆ ಮಾಡುವರು. ಟ್ರಂಪೆಟ್, ಫ್ರೆಂಚ್ ಹಾರ್ನ್, ಟ್ಯೂಬಾಗಳಲ್ಲಿ ಆ ಕೆಲಸ ಕವಾಟಗಳದು. ಸ್ಟೋಲ್ಜೆಲ್, ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ಬರ್ಲಿನ್ನಿನಲ್ಲಿ ಅಂತಹ ಕವಾಟಕ್ಕೆ ಪೇಟೆಂಟ್ ಪಡೆದರು. ಸುಮಾರು 1.4 ಮೀಟರು ಕೊಳವೆಯ ಟ್ರಂಪೆಟ್ಟಿನದು ತಾರಧ್ವನಿ. 5 ಮೀಟರಿಗೂ ಮೀರಿದ ದೊಡ್ಡ ಟ್ಯೂಬಾದ್ದು ಮಂದ್ರ.

ಶಾಲೆಯಲ್ಲಿ ಧ್ವನಿಯ ಪಾಠವನ್ನು ಶ್ರುತಿಕವೆಯಿಂದ ಕಲಿಸುವರು. ಅಷ್ಟು ಸಾಲದು. ಊರಿನ ಕೊಂಬೂದುವವರನ್ನು ಗೌರವದಿಂದ ತರಗತಿಗೆ ಕರೆಯಬೇಕೆಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳು ಕೊಳವೆಯನ್ನು ಅಳೆಯಲಿ, ಸ್ವರಗಳನ್ನು ಎಣಿಸಲಿ, ತಾವೂ ಊದಿ ನೋಡಲಿ. ಕಲಿಯುವವರಿಲ್ಲದೆ ಹೋದರೆ ವಾದ್ಯವೇನೋ ವಸ್ತುಸಂಗ್ರಹಾಲಯದಲ್ಲಿ ಉಳಿದೀತು. ತುಟಿಯ ಪಳಗಿಕೆ ಅಲ್ಲಿ ಉಳಿಯದು.