ಕುಡಿತ ಬಿಡಲು ಬಯಸುವವನಿಗೆ ನಾವು ಯಾವ ದಾರಿ ತೋರಿಸಿದ್ದೇವೆ?

ಮದ್ಯಪಾನ ಹರಾಮ್ ಎಂಬುದನ್ನು ಮದ್ರಸಕ್ಕೆ ಹೋಗುವ ಪುಟ್ಟ ಮಗುವೂ ಬಲ್ಲದು. ಕುಡಿಯುವವನೂ ಬಲ್ಲನು. ಆದ್ದರಿಂದಲೇ ಅವನು ಊರ ಹೊರಗೆ ಹೋಗಿ ಕುಡಿಯುತ್ತಾನೆ. ಶುಕ್ರವಾರ ಮಸೀದಿಯ ಕೊನೆಯ ಸಾಲಿನಲ್ಲಿ ನಿಂತು, ನಮಾಝ್ ಮುಗಿದೊಡನೆ ಯಾರ ಮುಖವನ್ನೂ ನೋಡದೆ ಹೊರಟುಹೋಗುತ್ತಾನೆ. ಬಿಡಬೇಕೆಂಬ ಮನಸ್ಸಾದರೆ ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಅವನಿಗೆ ಗೊತ್ತಿಲ್ಲ. ನಮ್ಮ ಜಮಾಅತ್‌ಗಳನ್ನು ಕೇಳಿದರೆ ಅಲ್ಲಿಯೂ ಉತ್ತರ ಸಿಗುವುದಿಲ್ಲ. ‘ನಮ್ಮಲ್ಲಿ ಅಂಥವರಿಲ್ಲ’ ಎಂದು ಹೇಳಿ ಸಮಾಧಾನಪಟ್ಟುಕೊಳ್ಳುವುದು ನಮಗೆ ರೂಢಿಯಾಗಿದೆ. ಆದರೆ ಅಂಥವನ ಪತ್ನಿ ಮತ್ತು ತಾಯಿಗೆ ನಿಜ ಗೊತ್ತಿದೆ.

ಸಹೀಹ್ ಬುಖಾರಿಯಲ್ಲಿ ಒಂದು ಘಟನೆ ವರದಿಯಾಗಿದೆ. ಅಬ್ದುಲ್ಲಾ ಎಂಬ ವ್ಯಕ್ತಿಯೊಬ್ಬರಿದ್ದರು. ಪ್ರವಾದಿವರ್ಯರನ್ನು(ಸ) ಅವರು ನಗಿಸುತ್ತಿದ್ದರು. ಮದ್ಯ ಸೇವಿಸಿ ಶಿಕ್ಷೆಗೊಳಗಾಗಿದ್ದ ಅವರನ್ನು ಮತ್ತೆ ಅದೇ ತಪ್ಪಿಗಾಗಿ ಕರೆತಂದಾಗ ನೆರೆದವರಲ್ಲೊಬ್ಬರು ಶಪಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದರು. ಆ ಮನುಷ್ಯ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಅಲ್ಲಿ ಶಿಕ್ಷೆ ರದ್ದಾಗಲಿಲ್ಲ, ಹರಾಮ್ ಹಲಾಲಾಗಲಿಲ್ಲ. ಆದರೂ ಆ ವ್ಯಕ್ತಿಯನ್ನು ಸಮುದಾಯದ ಹೊರಗೆ ತಳ್ಳಲು ಯಾರಿಗೂ ಅನುಮತಿ ದೊರೆಯಲಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಇಂದು ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧವಾಗಿದೆ.

ಕುಡಿತ ಬಿಡಲು ಬಯಸುವವರ ಸಭೆಗಳು ನಮ್ಮ ನಾಡಿನಲ್ಲಿಯೂ ನಡೆಯುತ್ತಿವೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರಚಿಕಿತ್ಸಕ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಅವುಗಳಲ್ಲಿ ಪ್ರಮುಖವಾದುದು. ಇಬ್ಬರೂ ಕುಡಿತಕ್ಕೆ ದಾಸರಾಗಿದ್ದವರು. ಅದರ ಕ್ರಮ ಸರಳ. ಶುಲ್ಕವಿಲ್ಲ; ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದೇ ಅರ್ಹತೆ. ಒಬ್ಬರು ತಮ್ಮ ಅನುಭವ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಜೀವನವಿಡೀ ಬಿಡುತ್ತೇನೆಂಬ ದೊಡ್ಡ ಮಾತಿಗಿಂತ, ಇವತ್ತೊಂದು ದಿನ ಕುಡಿಯುವುದಿಲ್ಲವೆಂಬ ನಿರ್ಧಾರಕ್ಕೆ ಅಲ್ಲಿ ಹೆಚ್ಚು ಬೆಲೆ. ಮುಕ್ತ ಸಭೆಗಳಿಗೆ ಮನೆಯವರೂ ಹೋಗಬಹುದು. ಕುಟುಂಬದವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ.

ಇಲ್ಲಿ ನಮ್ಮವರಿಗೆ ಎರಡು ಅಳುಕುಗಳು ಎದುರಾಗುತ್ತವೆ. ಅನೇಕ ಕಡೆ ಈ ಸಭೆಗಳು ಚರ್ಚಿನ ಕೊಠಡಿಗಳಲ್ಲಿ ನಡೆಯುತ್ತವೆ ಎಂಬುದು ಮೊದಲನೆಯದು. ಕೊಠಡಿ ಯಾರದ್ದಾದರೂ ಬಳಗ ಯಾವ ಧರ್ಮಕ್ಕೂ ಸೇರಿದ್ದಲ್ಲ. ತನಗಿಂತ ಮಿಗಿಲಾದ ಶಕ್ತಿಯೊಂದರ ಮೊರೆಹೋಗಬೇಕೆಂದು ಅಲ್ಲಿ ಹೇಳುತ್ತಾರೆ. ಅದು ಯಾರೆಂಬುದನ್ನು ಅವರವರ ವಿಶ್ವಾಸಕ್ಕೇ ಬಿಡುತ್ತಾರೆ. ಮುಸ್ಲಿಮನು ಮೊರೆಹೋಗುವುದು ಅಲ್ಲಾಹನನ್ನೇ. ಇದೇ ಹನ್ನೆರಡು ಹೆಜ್ಜೆಗಳನ್ನು ಇಸ್ಲಾಮಿನ ಚೌಕಟ್ಟಿಗೆ ಹೊಂದಿಸಿ 1989ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮುಸ್ಲಿಮರೇ ‘ಮಿಲ್ಲತಿ ಇಸ್ಲಾಮಿ’ ಎಂಬ ಬಳಗವನ್ನು ಕಟ್ಟಿಕೊಂಡರು.

ತನ್ನ ಪಾಪವನ್ನು ತಾನೇ ಬಯಲುಮಾಡಬಾರದೆಂಬುದು ಎರಡನೆಯ ಅಳುಕು. ಇದು ತಳ್ಳಿಹಾಕುವಂಥದ್ದಲ್ಲ. ಆದರೆ ಹದೀಸ್ ಖಂಡಿಸಿರುವುದು ಅಲ್ಲಾಹನು ಮುಚ್ಚಿಟ್ಟ ಪಾಪವನ್ನು ನಾಚಿಕೆಯಿಲ್ಲದೆ ಸಾರಿಕೊಂಡು ತಿರುಗುವುದನ್ನು. ವೈದ್ಯನ ಮುಂದೆ ಗಾಯದ ಬಟ್ಟೆ ಬಿಚ್ಚುವುದನ್ನು ಯಾರೂ ನಿರ್ಲಜ್ಜೆ ಎನ್ನುವುದಿಲ್ಲ. ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ನಿಯಮವಿರುವ ಕೋಣೆಯಲ್ಲಿ, ವಾಸಿಯಾಗುವ ಉದ್ದೇಶದಿಂದ ಆಡಿದ ಮಾತನ್ನೂ ಹಾಗೆಯೇ ಕಾಣಬೇಕೆಂಬುದು ನಮ್ಮ ಅಭಿಪ್ರಾಯ. ಸಹೋದರನ ಕುಂದನ್ನು ಮುಚ್ಚಿಡುವುದು ನಮಗೆ ಪ್ರವಾದಿವರ್ಯರು(ಸ) ಕಲಿಸಿದ ಗುಣವಲ್ಲವೇ?

ಒಂದು ಎಚ್ಚರಿಕೆ ಅತ್ಯಗತ್ಯ. ವರ್ಷಗಟ್ಟಲೆ ದಿನವೂ ಕುಡಿದವನು ‘ಇಂದೇ ತೌಬಾ’ ಎಂದು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಬಹುದು, ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಿ ಜೀವಕ್ಕೇ ಅಪಾಯವಾಗಬಹುದು. ಅದನ್ನು ಜಿನ್ನ್‌ನ ಕಾಟವೆಂದುಕೊಂಡು ಮಂತ್ರಿಸಿದ ನೂಲಿಗೆ ಅಲೆಯದೆ ವೈದ್ಯರ ಬಳಿ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಚಿಕಿತ್ಸೆ ದೇಹವನ್ನು ಸಂಭಾಳಿಸುತ್ತದೆ. ಮುಂದಿನ ದಿನಗಳನ್ನು ದಾಟಿಸಲು ಸಭೆ ನೆರವಾಗುತ್ತದೆ.

ಹಾಗಾದರೆ ಜಮಾಅತ್ ಏನು ಮಾಡಬೇಕು? ಹತ್ತಿರದ ಸಭೆ ಯಾವ ವಾರ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ ನಡೆಯುತ್ತದೆಂದು ವಿಚಾರಿಸಿ ಮಸೀದಿಯ ಸೂಚನಾ ಫಲಕದಲ್ಲಿ ಹಾಕಲಿ. ಗುಟ್ಟು ಕಾಯಬಲ್ಲ ಇಬ್ಬರು ಹಿರಿಯರನ್ನು ಗೊತ್ತುಮಾಡಲಿ. ಖತೀಬರು ಮದ್ಯದ ಕೆಡುಕನ್ನು ವಿವರಿಸುವ ಖುತ್ಬಾದಲ್ಲೇ ಬಿಡುಗಡೆಯ ದಾರಿಯನ್ನೂ ಹೇಳಲಿ. ಮೊದಲ ದಿನ ಯಾರಾದರೊಬ್ಬರು ಅವನ ಜೊತೆ ಬಾಗಿಲವರೆಗೆ ಹೋಗಲಿ, ಏಕೆಂದರೆ ಒಬ್ಬನೇ ಹೋದವನು ಗೇಟಿನಿಂದಲೇ ಮರಳಿ ಬರುವುದುಂಟು. ಅವನು ಮತ್ತೆ ಎಡವಿದರೆ ಮತ್ತೆ ಕರೆದೊಯ್ಯೋಣ. ತೌಬಾದ ಬಾಗಿಲನ್ನು ಅಲ್ಲಾಹನು ತೆರೆದೇ ಇಟ್ಟಿರುವಾಗ ಅದಕ್ಕೆ ಅಡ್ಡ ನಿಲ್ಲಲು ನಾವು ಯಾರು?

ಕೊನೆಯ ಸಾಲಿನಲ್ಲಿ ನಿಂತಿರುವ ಆ ಸಹೋದರನಿಗೆ ಬರುವ ಶುಕ್ರವಾರ ನಾವೇ ಮೊದಲು ಸಲಾಮ್ ಹೇಳೋಣ. ಅಲ್ಲಾಹನು ಅವನಿಗೆ ಬಿಡುಗಡೆಯನ್ನೂ ನಮಗೆ ಕರುಣೆಯನ್ನೂ ದಯಪಾಲಿಸಲಿ, ಆಮೀನ್.