ಆ ರೈಲ್ವೆ ಗೇಟಿನ ಪಕ್ಕದಲ್ಲೊಂದು ಹೈಸ್ಕೂಲಿದೆ

ನಮ್ಮ ಕಾಲೇಜಿನಲ್ಲಿ ಅನಿಮೆ ನೋಡುವವರು ಎಷ್ಟು ಮಂದಿ ಎಂದು ಯಾರೂ ಲೆಕ್ಕ ಹಾಕಿಲ್ಲ. ಆದರೆ ಮಧ್ಯಾಹ್ನದ ಬಿಡುವಿನಲ್ಲಿ ಕ್ಯಾಂಟೀನಿನ ಯಾವ ಮೇಜಿನ ಬಳಿ ನಿಂತರೂ ನರುಟೊ, ಲೂಫಿ, ತಂಜಿರೊ ಎಂಬ ಹೆಸರುಗಳಲ್ಲಿ ಒಂದಾದರೂ ಕಿವಿಗೆ ಬೀಳುತ್ತದೆ. ಆ ಮಾತು ಮುಂದುವರಿದು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಕೆಲಸ ಸಿಕ್ಕಿದ ಮೇಲೆ ಮೊದಲು ಹೋಗುವುದು ಜಪಾನಿಗೆ!" ಹಿಂದೆ ಇದು ಬರೀ ಕನಸಿನ ಮಾತಾಗಿತ್ತು. ಈಗ ಹಾಗಲ್ಲ. 2024ರ ಏಪ್ರಿಲಿನಿಂದ ಭಾರತೀಯರಿಗೆ ಜಪಾನಿನ ಪ್ರವಾಸಿ ವೀಸಾ ಇ-ವೀಸಾ ರೂಪದಲ್ಲಿ ಸಿಗುತ್ತಿದೆ. ಅದೇ ವರ್ಷ ಭಾರತದಿಂದ ಜಪಾನಿಗೆ ಹೋದವರು 2 ಲಕ್ಷ 30 ಸಾವಿರಕ್ಕೂ ಹೆಚ್ಚು. ಹಾಗಾಗಿ "ಹೋಗಲು ಆಗುತ್ತದೆಯೇ" ಎಂಬ ಪ್ರಶ್ನೆಯ ಜೊತೆಗೆ "ಹೋದ ಮೇಲೆ ಅಲ್ಲಿ ಹೇಗಿರಬೇಕು" ಎಂಬ ಪ್ರಶ್ನೆಯನ್ನೂ ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಉದಾಹರಣೆಯಿಂದ ಶುರು ಮಾಡುತ್ತೇನೆ. ಟೋಕಿಯೊದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿ ಕಾಮಾಕುರಾ ಎಂಬ ಹಳೆಯ ಪಟ್ಟಣವಿದೆ. ಅಲ್ಲಿಂದ ಫುಜಿಸಾವಾಕ್ಕೆ ಎನೋಡೆನ್ ಎಂಬ ಪುಟ್ಟ ರೈಲು ಓಡುತ್ತದೆ. ಇಡೀ ಮಾರ್ಗದ ಉದ್ದ ಬರೀ 10 ಕಿಲೋಮೀಟರ್, ನಿಲ್ದಾಣಗಳು 15. ಸಮುದ್ರದ ಪಕ್ಕದಲ್ಲೇ ಇರುವ ಒಂದು ನಿಲ್ದಾಣದ ಹತ್ತಿರ ಸಾಮಾನ್ಯವಾದ ಒಂದು ರೈಲ್ವೆ ಗೇಟು ಇದೆ. ಗೇಟು ಬೀಳುತ್ತದೆ, ಗಂಟೆ ಬಡಿಯುತ್ತದೆ, ರೈಲು ಹಾದುಹೋಗುತ್ತದೆ, ಹಿಂದೆ ನೀಲಿ ಕಡಲು ಕಾಣುತ್ತದೆ. ತಕೆಹಿಕೊ ಇನೋಯೆ ಅವರ 'ಸ್ಲ್ಯಾಮ್ ಡಂಕ್' ಕಥೆಯನ್ನು ಆಧರಿಸಿ 1993ರಲ್ಲಿ ಶುರುವಾದ ಟಿವಿ ಸರಣಿಯ ಆರಂಭದ ದೃಶ್ಯದಲ್ಲಿ ಈ ಗೇಟು ಬರುತ್ತದೆ. ಪರದೆಯ ಮೇಲೆ ಅದು ಕೆಲವು ಸೆಕೆಂಡುಗಳ ಮಾತು, ಅಷ್ಟೇ. ಆದರೆ ಆ ಕೆಲವು ಸೆಕೆಂಡುಗಳಿಗಾಗಿ ಇಂದು ಹಲವು ದೇಶಗಳಿಂದ ಜನ ಬಂದು ಅಲ್ಲಿ ನಿಲ್ಲುತ್ತಾರೆ. 2022ರ ಡಿಸೆಂಬರಿನಲ್ಲಿ 'ದ ಫಸ್ಟ್ ಸ್ಲ್ಯಾಮ್ ಡಂಕ್' ಚಿತ್ರ ಬಂದ ಮೇಲೆ ಆ ಗುಂಪು ಇನ್ನೂ ದೊಡ್ಡದಾಯಿತು. ರಸ್ತೆಯ ಮಧ್ಯೆ ನಿಂತು ಫೋಟೋ ತೆಗೆಯುವವರು, ಬೇರೆಯವರ ಜಾಗದೊಳಗೆ ನುಗ್ಗುವವರು, ಕಸ ಎಸೆದು ಹೋಗುವವರು ಇದ್ದೇ ಇದ್ದಾರೆ. ಕೊನೆಗೆ ಗುಂಪನ್ನು ನಿಭಾಯಿಸಲು ಅಲ್ಲಿ ಕಾವಲುಗಾರರನ್ನೇ ನಿಲ್ಲಿಸಬೇಕಾಯಿತು.

ಆ ನಿಲ್ದಾಣದ ಹೆಸರು ಕಾಮಾಕುರಾ-ಕೋಕೋ-ಮಾಯೆ. ಅರ್ಥ ಗೊತ್ತೇ? 'ಕಾಮಾಕುರಾ ಹೈಸ್ಕೂಲಿನ ಎದುರು'. ಜಪಾನಿನಲ್ಲಿ ಹೈಸ್ಕೂಲು ಎಂದರೆ ಹತ್ತರಿಂದ ಹನ್ನೆರಡನೆಯ ತರಗತಿ. ಎಂದರೆ ನಮ್ಮದೇ ವಯಸ್ಸಿನ ಹುಡುಗ ಹುಡುಗಿಯರು ದಿನಾ ಬೆಳಿಗ್ಗೆ ಆ ನಿಲ್ದಾಣದಲ್ಲಿ ಇಳಿದು ಕ್ಲಾಸಿಗೆ ಹೋಗುತ್ತಾರೆ, ಸಂಜೆ ಅದೇ ದಾರಿಯಲ್ಲಿ ಮನೆಗೆ ಮರಳುತ್ತಾರೆ. ನಾವು ನಾಳೆ ಟೆಸ್ಟ್ ಇದೆ ಎಂಬ ಚಿಂತೆಯಲ್ಲಿ ಬಸ್ ಇಳಿದಾಗ ಎದುರಿಗೆ ನೂರು ಜನ ಅಪರಿಚಿತರು ಮೊಬೈಲು ಎತ್ತಿ ಹಿಡಿದು ನಿಂತಿದ್ದರೆ, ನಮ್ಮ ಯೂನಿಫಾರ್ಮ್ ಕಂಡ ಕೂಡಲೇ "ಇದೂ ಫ್ರೇಮಿನಲ್ಲಿ ಬರಲಿ" ಎಂದು ಕ್ಲಿಕ್ಕಿಸಿದರೆ, ಅದೂ ಒಂದು ದಿನವಲ್ಲ, ಮೂರು ವರ್ಷ, ನಮಗೆ ಹೇಗನಿಸುತ್ತದೆ? ಅನಿಮೆ ನೋಡುವ ನಾವು ಈ ಪ್ರಶ್ನೆಗೆ ಉತ್ತರಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

ಕಥೆಯಲ್ಲಿ ಕಂಡ ಜಾಗವನ್ನು ಹುಡುಕಿಕೊಂಡು ಹೋಗುವುದಕ್ಕೆ ಜಪಾನಿನಲ್ಲಿ 'ಸೇಚಿ ಜುನ್‌ರೇ' ಎನ್ನುತ್ತಾರೆ. ಪವಿತ್ರ ಸ್ಥಳಗಳ ಯಾತ್ರೆ ಎಂದು ಅದರ ಅರ್ಥ. ಧರ್ಮದ ಮಾತನ್ನು ಅಭಿಮಾನಿಗಳು ಎರವಲು ಪಡೆದಿದ್ದಾರೆ. ಇದು ಈಗ ಬರೀ ಹುಡುಗರ ಹುಚ್ಚಾಗಿ ಉಳಿದಿಲ್ಲ. ಅನಿಮೆ ಪ್ರವಾಸಕ್ಕೆಂದೇ 2016ರಲ್ಲಿ ಒಂದು ಸಂಘ ಹುಟ್ಟಿಕೊಂಡಿತು. ಶಿಕೋಕು ದ್ವೀಪದ 88 ದೇವಾಲಯಗಳ ಹಳೆಯ ಯಾತ್ರೆಯನ್ನು ನೆನಪಿಸುವಂತೆ ಅದು 88 ಅನಿಮೆ ಸ್ಥಳಗಳ ಪಟ್ಟಿಯನ್ನು ಪ್ರಕಟಿಸುತ್ತದೆ. 2012ರಲ್ಲಿ ಜಪಾನಿಗೆ ಹೋದ ವಿದೇಶಿಯರು ಸುಮಾರು 83 ಲಕ್ಷ. 2024ರಲ್ಲಿ ಆ ಸಂಖ್ಯೆ 3 ಕೋಟಿ 68 ಲಕ್ಷ ದಾಟಿತು. 2030ರ ಹೊತ್ತಿಗೆ 6 ಕೋಟಿ ಮಂದಿಯನ್ನು ಕರೆಸಿಕೊಳ್ಳಬೇಕೆಂಬುದು ಅಲ್ಲಿನ ಸರಕಾರದ ಗುರಿ.

ಇಲ್ಲಿ ಕೆಲವರು ಕೇಳಬಹುದು: "ಅವರೇ ತಾನೇ ಕರೆಯುವುದು? ದುಡ್ಡು ಕೊಟ್ಟು ಹೋಗುತ್ತೇವೆ. ರಸ್ತೆ ಸಾರ್ವಜನಿಕ. ಒಂದು ಫೋಟೋ ತೆಗೆದರೆ ಯಾರ ಗಂಟು ಹೋಗುತ್ತದೆ?" ಈ ವಾದದಲ್ಲಿ ಅರ್ಧ ಸತ್ಯವಿದೆ. ಕರೆದದ್ದು ನಿಜ. ಆದರೆ ಕರೆದದ್ದು ಸರಕಾರ, ವಿಮಾನ ಕಂಪನಿ, ಹೋಟೆಲು. ಆ ಹೈಸ್ಕೂಲಿನ ಹುಡುಗಿಯಾಗಲಿ, ಗೇಟಿನ ಪಕ್ಕದ ಮನೆಯ ಅಜ್ಜಿಯಾಗಲಿ ನಮ್ಮನ್ನು ಕರೆದಿಲ್ಲ. ಲಾಭ ಒಬ್ಬರಿಗೆ, ಕಿರಿಕಿರಿ ಇನ್ನೊಬ್ಬರಿಗೆ ಎಂದಾದಾಗ "ಅವರೇ ಕರೆದರು" ಎನ್ನುವ ಮಾತಿಗೆ ತೂಕವಿರುವುದಿಲ್ಲ. ಇನ್ನು 'ಒಂದೇ ಫೋಟೋ' ಎಂಬುದು ತೆಗೆಯುವವನ ಲೆಕ್ಕ. ಅಲ್ಲಿ ವಾಸಿಸುವವರ ಲೆಕ್ಕದಲ್ಲಿ ಅದು ಆ ದಿನದ ಸಾವಿರದ ಒಂದನೆಯ ಫೋಟೋ.

ಇಂಥ ಲೆಕ್ಕ ತಪ್ಪಿದಾಗ ಏನಾಗುತ್ತದೆ ಎಂಬುದನ್ನು 2024ರಲ್ಲಿ ನೋಡಿದೆವು. ಫುಜಿ ಪರ್ವತದ ಬಳಿಯ ಫುಜಿಕಾವಾಗುಚಿಕೊ ಪಟ್ಟಣದಲ್ಲಿ ಒಂದು ಅಂಗಡಿಯ ಮೇಲೆ ಪರ್ವತ ಕೂತಂತೆ ಕಾಣುವ ಜಾಗವಿತ್ತು. ಅದರ ಫೋಟೋ ಪ್ರಸಿದ್ಧವಾಗಿ ಜನ ಮುಗಿಬಿದ್ದರು. ವಾಹನ ನೋಡದೆ ರಸ್ತೆ ದಾಟುವುದು, ಪಕ್ಕದ ದಂತ ಚಿಕಿತ್ಸಾಲಯದ ಜಾಗಕ್ಕೆ ನುಗ್ಗುವುದು ನಡೆಯಿತು. ಫಲಕ ಹಾಕಿದರೂ ಕೇಳಲಿಲ್ಲ. ಕೊನೆಗೆ ಮೇ ತಿಂಗಳಲ್ಲಿ ಪಟ್ಟಣದ ಆಡಳಿತ 2.5 ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಬಲೆ ಕಟ್ಟಿ ಆ ನೋಟವನ್ನೇ ಮುಚ್ಚಿತು. ಕೆಲವರು ಆ ಬಲೆಗೂ ತೂತು ಕೊರೆದರು! ಅದೇ ವರ್ಷ ಕ್ಯೋಟೋದ ಗಿಯೋನ್ ಬೀದಿಯಲ್ಲಿ, ಸಾಂಪ್ರದಾಯಿಕ ಉಡುಪಿನ ಕಲಾವಿದೆಯರನ್ನು ಪ್ರವಾಸಿಗರು ಬೆನ್ನಟ್ಟಿ ಫೋಟೋ ತೆಗೆಯುವುದು ಮಿತಿಮೀರಿ, ಖಾಸಗಿ ಓಣಿಗಳಿಗೆ ಪ್ರವೇಶ ನಿಷೇಧಿಸಿ 10,000 ಯೆನ್ ದಂಡದ ಫಲಕ ಹಾಕಿದರು. ತಮ್ಮ ಊರಿನ ಚೆಂದವನ್ನು ತಾವೇ ಮುಚ್ಚಿಕೊಳ್ಳಬೇಕಾಗಿ ಬಂದ ಜನರ ಬೇಸರವನ್ನು ಸ್ವಲ್ಪ ಯೋಚಿಸಿ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇಂಥ ಗದ್ದಲ ಮಾಡುವವರೆಲ್ಲ ವಿದೇಶಿಯರಲ್ಲ. ಅನಿಮೆ ಜಾಗಗಳಿಗೆ ಮೊದಲು ಗುಂಪುಗಟ್ಟಿ ಹೋದವರು ಜಪಾನೀಯರೇ. ಆದರೆ ವಿದೇಶಿಯ ಮುಖ ಗುಂಪಿನಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಒಬ್ಬನು ಬಲೆಗೆ ತೂತು ಕೊರೆದರೆ "ವಿದೇಶಿಯರೇ ಹೀಗೆ" ಎಂಬ ಮಾತು ಹುಟ್ಟುತ್ತದೆ. ಒಬ್ಬನ ತಪ್ಪನ್ನು ಇಡೀ ಸಮುದಾಯದ ತಲೆಗೆ ಕಟ್ಟುವುದು ಎಷ್ಟು ನೋವಿನದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಮಾತು ಅನ್ಯಾಯದ್ದೇ. ಆದರೂ ನಮ್ಮ ನಂತರ ಬರುವ ಇನ್ನೊಬ್ಬ ಭಾರತೀಯ ಹುಡುಗನಿಗೆ ಅಂಗಡಿಯವನು ನಗುತ್ತಾ ಬಾಗಿಲು ತೆರೆಯುತ್ತಾನೋ, ಮುಖ ಸಿಂಡರಿಸುತ್ತಾನೋ ಎಂಬುದು ನಮ್ಮ ನಡತೆಯ ಮೇಲೂ ನಿಂತಿದೆ.

ಹಾಗಾದರೆ ಹೋಗುವುದೇ ತಪ್ಪೇ? ಖಂಡಿತ ಅಲ್ಲ. ಅಭಿಮಾನಿಗಳು ಹೋದದ್ದರಿಂದಲೇ ಚೇತರಿಸಿಕೊಂಡ ಊರುಗಳೂ ಇವೆ. ಇಬಾರಾಕಿ ಪ್ರಾಂತ್ಯದ ಓಅರಾಯ್ ಎಂಬ ಕಡಲತೀರದ ಪಟ್ಟಣ 2011ರ ಮಾರ್ಚ್ 11ರ ಸುನಾಮಿಯಿಂದ ಹಾನಿಗೊಳಗಾಗಿತ್ತು. ಮರುವರ್ಷ ಬಂದ 'ಗರ್ಲ್ಸ್ ಉಂಡ್ ಪಾಂಜರ್' ಸರಣಿಯ ಕಥೆ ಅದೇ ಊರಿನಲ್ಲಿ ನಡೆಯುತ್ತದೆ. ಅಭಿಮಾನಿಗಳು ಬರತೊಡಗಿದಾಗ ಪೇಟೆಯ ಅಂಗಡಿಯವರು ತಮ್ಮ ತಮ್ಮ ಬಾಗಿಲ ಬಳಿ ಒಂದೊಂದು ಪಾತ್ರದ ಆಳೆತ್ತರದ ಚಿತ್ರ ನಿಲ್ಲಿಸಿದರು. ನೋಡಲು ಬಂದವರು ಅಂಗಡಿಯೊಳಗೆ ಹೋದರು, ಮಾತಾಡಿದರು, ತಿಂದರು, ಕೊಂಡರು, ಮತ್ತೆ ಮತ್ತೆ ಬಂದರು. ಶಿಗಾ ಪ್ರಾಂತ್ಯದ ಟೊಯೊಸಾತೊದಲ್ಲಿ 1937ರಲ್ಲಿ ಕಟ್ಟಿದ ಒಂದು ಸೊಗಸಾದ ಪ್ರಾಥಮಿಕ ಶಾಲೆಯ ಕಟ್ಟಡವಿದೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಅದನ್ನು ಕೆಡವಲು ಹೊರಟಾಗ ಊರಿನವರು ಹೋರಾಡಿ ಉಳಿಸಿಕೊಂಡರು. 2009ರ 'ಕೆ-ಆನ್!' ಸರಣಿಯ ಶಾಲೆಗೆ ಮಾದರಿ ಇದೇ ಎಂದು ಗೊತ್ತಾದ ಮೇಲೆ ಅಲ್ಲಿಗೆ ಅಭಿಮಾನಿಗಳು ಬರುತ್ತಿದ್ದಾರೆ. ಈಗ ಅಲ್ಲಿ ಮಕ್ಕಳ ಪಾಠ ನಡೆಯುವುದಿಲ್ಲ. ಹಾಗಾಗಿ ಬಂದವರು ನಿಧಾನವಾಗಿ ನೋಡಬಹುದು, ಫೋಟೋ ತೆಗೆಯಬಹುದು, ಯಾರ ಓದಿಗೂ ತೊಂದರೆಯಿಲ್ಲ.

ಓಅರಾಯ್‌ಗೂ ಆ ರೈಲ್ವೆ ಗೇಟಿಗೂ ಇರುವ ವ್ಯತ್ಯಾಸ ಇಷ್ಟೇ. ಓಅರಾಯ್‌ಗೆ ಹೋದವನು ಅತಿಥಿಯಾಗಿ ಹೋಗುತ್ತಾನೆ. ಗೇಟಿನ ಬಳಿ ಹೋದವನು ಹತ್ತು ನಿಮಿಷ ನಿಂತು ಚಿತ್ರ ತೆಗೆದುಕೊಂಡು ಮುಂದಿನ ರೈಲು ಹತ್ತುತ್ತಾನೆ. ಅವನ ಪಾಲಿಗೆ ಆ ಊರು ಒಂದು ಹಿನ್ನೆಲೆ ಪರದೆ.

'ಕೆ-ಆನ್!' ಮಾಡಿದ ಕ್ಯೋಟೋ ಅನಿಮೇಶನ್ ಸಂಸ್ಥೆಯ ಸ್ಟುಡಿಯೋಗೆ 2019ರ ಜುಲೈ 18ರಂದು ಒಬ್ಬ ಬೆಂಕಿ ಹಚ್ಚಿದಾಗ 36 ಮಂದಿ ತೀರಿಕೊಂಡರು. ಜಗತ್ತಿನ ಎಲ್ಲೆಡೆಯ ಅಭಿಮಾನಿಗಳು ಅತ್ತರು, ಅಲ್ಲಿಗೆ ಹೋಗಿ ಹೂವಿಟ್ಟರು. ಆ ಜಾಗದಲ್ಲಿ ಸ್ಮಾರಕ ಕಟ್ಟುವ ಮಾತು ಬಂದಾಗ ಅಕ್ಕಪಕ್ಕದ ನಿವಾಸಿಗಳು, ಜನರ ಓಡಾಟದಿಂದ ನಮ್ಮ ನೆಮ್ಮದಿ ಕೆಡುತ್ತದೆ, ಇಲ್ಲಿ ಬೇಡ ಎಂದು ಕೇಳಿಕೊಂಡರು. ಸ್ಮಾರಕ ಕೊನೆಗೆ 2024ರಲ್ಲಿ ಉಜಿ ನಗರದ ಒಂದು ಉದ್ಯಾನದಲ್ಲಿ ಎದ್ದು ನಿಂತಿತು. ಅಷ್ಟು ನಿಜವಾದ ದುಃಖಕ್ಕೂ ಜಾಗ ಹುಡುಕುವಾಗ ನೆರೆಮನೆಯವರ ನೆಮ್ಮದಿಯನ್ನು ಲೆಕ್ಕಕ್ಕೆ ಹಿಡಿದರು ಎಂದ ಮೇಲೆ ನಮ್ಮ ಒಂದು ಸೆಲ್ಫಿಗೆ ಎಷ್ಟು ಬೆಲೆ?

ಇದು ಜಪಾನಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರಿಸಿದ ಆಗುಂಬೆಯ ದೊಡ್ಡಮನೆಯನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ಅದು ಸೆಟ್ ಅಲ್ಲ, ಒಂದು ಕುಟುಂಬ ಬಾಳಿಕೊಂಡು ಬಂದ ಮನೆ. ಅಲ್ಲಿ ಹೊಸ್ತಿಲಲ್ಲಿ ನಿಂತು "ಒಳಗೆ ಬರಬಹುದೇ" ಎಂದು ಕೇಳುವುದು ನಮಗೆ ಸಹಜವೆನಿಸುತ್ತದೆ. ಟೋಕಿಯೊದ ಯೋತ್ಸುಯಾದಲ್ಲಿ 'ಯುವರ್ ನೇಮ್' ಚಿತ್ರದ ಕೊನೆಯ ದೃಶ್ಯದ ಮೆಟ್ಟಿಲುಗಳ ಬಳಿ ನಿಂತಾಗಲೂ ಅದೇ ಸಂಕೋಚ ಇರಲಿ. ಅದು ಜನವಸತಿಯ ಓಣಿ, ಪಕ್ಕದಲ್ಲಿರುವುದು ಪ್ರಾರ್ಥನೆಯ ಜಾಗ. ನಮಾಝಿನ ಹೊತ್ತಿಗೆ ನಮ್ಮ ಮಸೀದಿಯ ಅಂಗಳದಲ್ಲಿ ಯಾರಾದರೂ ಕ್ಯಾಮರಾ ಹಿಡಿದು ಪೋಸು ಕೊಡುತ್ತಿದ್ದರೆ ನಾವು ಏನು ಹೇಳುತ್ತಿದ್ದೆವೋ ಅದನ್ನೇ ಅಲ್ಲಿಗೂ ಅನ್ವಯಿಸಿಕೊಳ್ಳೋಣ.

ಮುಂದೊಂದು ದಿನ ಹೋಗುವ ಗೆಳೆಯ ಗೆಳತಿಯರಿಗೆ ನನ್ನ ಕೆಲವು ಸಲಹೆಗಳಿವೆ. ಶಾಲೆ ಬಿಡುವ, ಶಾಲೆ ಸೇರುವ ಹೊತ್ತಿನಲ್ಲಿ ಆ ಗೇಟಿನ ಬಳಿ ಹೋಗಬೇಡಿ. ಹೋದರೆ ರಸ್ತೆಗೆ ಇಳಿಯಬೇಡಿ, ವಿದ್ಯಾರ್ಥಿಗಳ ಮುಖ ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಿ. ಅಲ್ಲಿ ಬೀದಿಯಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ, ಕಸವನ್ನು ಚೀಲದಲ್ಲೇ ಇಟ್ಟುಕೊಂಡು ಹಿಂತಿರುಗಿ. ರೈಲಿನಲ್ಲಿ ಫೋನಿನಲ್ಲಿ ಮಾತಾಡಬೇಡಿ. ಅನಿಮೆ ನೋಡಿ ಕಲಿತ ಜಪಾನಿ ಭಾಷೆಯನ್ನು ಎಚ್ಚರದಿಂದ ಬಳಸಿ. ನಾಯಕ ಖಳನಿಗೆ ಹೇಳುವ 'ಒಮಾಯೆ' ನಮ್ಮ 'ಲೇ' ಇದ್ದಂತೆ, ಅಂಗಡಿಯ ಹಿರಿಯರಿಗೆ ಹಾಗೆ ಹೇಳುವುದು ಒರಟು. ಅದರ ಬದಲು 'ಸುಮಿಮಾಸೆನ್' ಎಂದು ಮಾತು ಶುರು ಮಾಡಿ, 'ಶಾಶಿನ್ ಒ ತೊತ್ತೆಮೊ ಈ ದೆಸು ಕಾ' ಎಂದು ಕೇಳಿ. "ಫೋಟೋ ತೆಗೆಯಬಹುದೇ" ಎಂದು ಅದರ ಅರ್ಥ. ಬೇಡ ಎಂದರೆ ಮೊಬೈಲು ಜೇಬಿಗೆ ಹಾಕಿ. ಮಿತಾಕಾದ ಘಿಬ್ಲಿ ಮ್ಯೂಸಿಯಮ್‌ಗೆ ಹೋಗುವುದಾದರೆ ಟಿಕೆಟ್ಟು ಮುಂಚಿತವಾಗಿಯೇ ತೆಗೆದುಕೊಳ್ಳಬೇಕು, ಕಟ್ಟಡದೊಳಗೆ ಫೋಟೋ ತೆಗೆಯುವಂತೆಯೇ ಇಲ್ಲ. ಕ್ಯಾಮರಾ ಇಲ್ಲದೆ ಒಂದು ಜಾಗವನ್ನು ನೋಡುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಕಡೆ ಸಿಗಲಾರದು.

ಸರಕಾರದ ಹೊಣೆಯೂ ಇದೆ. 2019ರಿಂದ ಜಪಾನು ದೇಶ ಬಿಟ್ಟು ಹೊರಡುವ ಪ್ರಯಾಣಿಕರಿಂದ ತೆರಿಗೆ ವಸೂಲು ಮಾಡುತ್ತಿದೆ. ಇಂಥ ಹಣದಲ್ಲಿ ಒಂದು ಪಾಲು ಕಾವಲುಗಾರ, ಶೌಚಾಲಯ, ಕಸ ವಿಲೇವಾರಿ ಎಂದು ಸಣ್ಣ ಪಟ್ಟಣಗಳಿಗೆ ನೇರವಾಗಿ ತಲುಪಬೇಕು. ಬರೀ ಪ್ರವಾಸಿಯ ಸೌಜನ್ಯವನ್ನು ನಂಬಿ 6 ಕೋಟಿ ಜನರನ್ನು ಕರೆಯುವುದು ಜವಾಬ್ದಾರಿಯ ಮಾತಲ್ಲ.

ಆದರೆ ನಮ್ಮ ಕೈಯಲ್ಲಿರುವುದು ನಮ್ಮ ಸೌಜನ್ಯವೇ. ನಮ್ಮನ್ನು ಅನಿಮೆಗೆ ಅಂಟಿಸಿದ್ದು ಬರೀ ಹೊಡೆದಾಟದ ದೃಶ್ಯಗಳಲ್ಲ. ರೈಲಿಗೆ ಕಾಯುವುದು, ಶಾಲೆ ಮುಗಿಸಿ ನಡೆದು ಬರುವುದು, ಮಳೆಯಲ್ಲಿ ಕೊಡೆ ಹಂಚಿಕೊಳ್ಳುವುದು, ಇಂಥ ದಿನನಿತ್ಯದ ಬದುಕನ್ನು ಅಷ್ಟು ಪ್ರೀತಿಯಿಂದ ಬರೆದು ತೋರಿಸಿದ್ದು ಕೂಡ. ಆ ಬದುಕು ಇಂದು ಬೆಳಿಗ್ಗೆಯೂ ಆ ನಿಲ್ದಾಣದಲ್ಲಿ ನಡೆಯುತ್ತಿದೆ. ನಮ್ಮ ಓರಗೆಯ ಯಾರೋ ಒಬ್ಬರು ಬ್ಯಾಗು ಹೆಗಲಿಗೇರಿಸಿ, ಗೇಟು ತೆರೆಯಲಿ ಎಂದು ಕಾಯುತ್ತಿದ್ದಾರೆ. ನಾವು ಹೋದಾಗ ಅವರಿಗೆ ಮೊದಲು ದಾರಿ ಬಿಡೋಣ.