ಮನೆಯ ನಾಯಿಗೊಂದು ಉದ್ಯೋಗ

‘ನಾಯಿಗೆ ಕೆಲಸವಿಲ್ಲ, ಕುಳಿತುಕೊಳ್ಳಲು ಪುರುಸೊತ್ತಿಲ್ಲ’ ಎಂಬ ಗಾದೆಯನ್ನು ನಾವು ಮನುಷ್ಯರನ್ನು ಹಾಸ್ಯಮಾಡುವುದಕ್ಕೆ ಉಪಯೋಗಿಸುವುದುಂಟು. ಅದನ್ನು ನಾಯಿಯ ವಿಷಯದಲ್ಲಿಯೇ ಗ್ರಹಿಸಿದರೆ ಒಳ್ಳೆಯ ರೋಗನಿದಾನವಾಗುತ್ತದೆ. ಕೆಲಸವಿಲ್ಲದಿರುವುದು ಕಾರಣ, ಕುಳಿತುಕೊಳ್ಳಲಾರದಿರುವುದು ಅದರ ಫಲ. ಎರಡು ಬೆಕ್ಕುಗಳಿರುವ ಮನೆಯ ಗೃಹಿಣಿಯೊಬ್ಬರು, ತಮ್ಮ ನಾಯಿಯು ಹಗಲೆಲ್ಲ ಒಳಗೆ ಹೊರಗೆ ಅಲೆದು ಬೆಕ್ಕುಗಳನ್ನು ಅಟ್ಟುತ್ತಿರುವುದೆಂದೂ, ಅದನ್ನು ಎಲ್ಲಿಯಾದರೂ ಬಿಟ್ಟುಬರಬೇಕೆಂದು ಹಿರಿಯರು ಹೇಳುತ್ತಿರುವರೆಂದೂ ಬರೆದು, ಉಪಾಯವನ್ನು ಕೇಳಿದ್ದಾರೆ. ಅನ್ನವಿಟ್ಟು ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವ ಮುನ್ನ ಗೃಹಸ್ಥರು ಆಲೋಚಿಸಬೇಕಾದ ಅಂಶಗಳು ಕೆಲವುಂಟು.

ಶಾಶ್ವತವಾದ ವೈರವುಳ್ಳ ಪ್ರಾಣಿಗಳ ಹೆಸರುಗಳನ್ನು ದ್ವಂದ್ವಸಮಾಸ ಮಾಡಿದಾಗ ಅದು ಏಕವಚನದಲ್ಲಿ ನಿಲ್ಲತಕ್ಕದ್ದೆಂದು ಪಾಣಿನಿಯು ವಿಧಿಸಿರುವನು. ಹಾವು ಮುಂಗುಸಿ, ಬೆಕ್ಕು ಇಲಿ ಎಂಬಿವು ಇದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳು. ಲೋಕವು ನಾಯಿಬೆಕ್ಕುಗಳನ್ನೂ ಈ ಪಟ್ಟಿಗೆ ಸೇರಿಸಿಬಿಟ್ಟಿದೆ. ಆದರೆ ಮರಿಯಂದಿನಿಂದ ಜತೆಯಲ್ಲಿ ಬೆಳೆದ ನಾಯಿಬೆಕ್ಕುಗಳು ಒಂದೇ ಗೋಣಿಯ ಮೇಲೆ ಮಲಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಆದುದರಿಂದ ಇವುಗಳ ವೈರವು ಬಹುಮಟ್ಟಿಗೆ ನೈಮಿತ್ತಿಕವೇ ಹೊರತು ಶಾಶ್ವತವಲ್ಲ. ಬೆಕ್ಕು ಓಡುವುದೇ ಇಲ್ಲಿ ನಿಮಿತ್ತ. ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. 2005ರಲ್ಲಿ ಭಾರತದ ಅಂಚೆಚೀಟಿಯನ್ನು ಅಲಂಕರಿಸಿದ ನಮ್ಮ ಮುಧೋಳದ ನಾಯಿಯನ್ನೇ ನೋಡಿರಿ. ಕಣ್ಣಿನಿಂದ ಬೇಟೆಯನ್ನು ಗುರುತಿಸಿ, ಬಯಲಿನಲ್ಲಿ ಮೊಲವನ್ನು ಬೆನ್ನಟ್ಟುವುದಕ್ಕಾಗಿಯೇ ಬೆಳೆದುಬಂದ ತಳಿ ಅದು. ಬೀದಿಯಿಂದ ತಂದ ನಾಡನಾಯಿಗೂ ಆಹಾರ ಹುಡುಕುವುದೇ ಹಿಂದಿನ ದಿನಚರಿ. ಇಂತಹದನ್ನು ನಾಲ್ಕು ಗೋಡೆಗಳೊಳಗಿಟ್ಟು, ಎರಡು ನಿಮಿಷದಲ್ಲಿ ಮುಗಿಯುವ ಅನ್ನವನ್ನು ತಟ್ಟೆಗೆ ಹಾಕಿದರೆ ಉಳಿದ ಹೊತ್ತನ್ನು ಅದು ಹೇಗೆ ಕಳೆಯಬೇಕು? ಆಗ ಬೆಕ್ಕೇ ಮೊಲವಾಗುತ್ತದೆ. ಲೆಕ್ಕವನ್ನು ಬೇಗ ಮುಗಿಸಿದ ಹುಡುಗನೇ ಪಕ್ಕದವನ ಜುಟ್ಟಿಗೆ ಕೈಹಾಕುವನೆಂಬುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಅವನಿಗೆ ಬೆತ್ತಕ್ಕಿಂತ ಇನ್ನೊಂದು ಲೆಕ್ಕವೇ ತಕ್ಕ ಮದ್ದು.

ನಾಯಿಗೆ ಕೊಡತಕ್ಕ ಲೆಕ್ಕ ಮೂಗಿನ ಲೆಕ್ಕ. ವಾಸನೆ ಹಿಡಿಯುವ ಕೋಶಗಳು ನಮ್ಮ ಮೂಗಿನಲ್ಲಿ ಸುಮಾರು 50 ಲಕ್ಷವಾದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಮೇಲ್ಪಟ್ಟಿವೆ. ಪಣಿಗಳು ಬಚ್ಚಿಟ್ಟ ಗೋವುಗಳನ್ನು ಪತ್ತೆಮಾಡಲು ಇಂದ್ರನು ದೇವಶುನಿಯಾದ ಸರಮೆಯನ್ನು ಕಳುಹಿಸಿದನೆಂಬ ವೇದಕಥೆಯು ಸುಮ್ಮನೆ ಹುಟ್ಟಿದುದಲ್ಲ. ಆದಕಾರಣ ಆಹಾರದಲ್ಲಿ ಒಂದು ಭಾಗವನ್ನು ತಟ್ಟೆಗೆ ಹಾಕದೆ ಹುಡುಕಿ ತಿನ್ನುವಂತೆ ಮಾಡಬೇಕು. ಒಣರೊಟ್ಟಿಯ ಚೂರುಗಳನ್ನು ಹಳೆಯ ಟವಲಿನೊಳಗಿಟ್ಟು ಸುರುಳಿ ಸುತ್ತಿಕೊಡಬಹುದು. ಮೂರು ಬಟ್ಟಲುಗಳನ್ನು ಬೋರಲು ಹಾಕಿ ಒಂದರ ಕೆಳಗೆ ಬಚ್ಚಿಡಬಹುದು. ಹಿತ್ತಿಲ ಹುಲ್ಲಿನಲ್ಲಿ ಚೆಲ್ಲಬಹುದು. ಮೊದಲು ಕಣ್ಣೆದುರಿಗೇ ಇಟ್ಟು, ಬಳಿಕ ಕ್ರಮವಾಗಿ ಕಠಿನಗೊಳಿಸತಕ್ಕದ್ದು. ಅಕ್ಷರಾಭ್ಯಾಸದ ದಿನವೇ ಸಂಧಿಪ್ರಕರಣ ಹೇಳಿದರೆ ಶಿಷ್ಯನು ಪಾಠವನ್ನೇ ದ್ವೇಷಿಸುವನು. ಹೊತ್ತಿಗೆ ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಬಾರಿ ಸಾಕು. ಈ ಸಮಯದಲ್ಲಿ ಬೆಕ್ಕುಗಳು ಬೇರೆ ಕೋಣೆಯಲ್ಲಿರಬೇಕು. ಆಹಾರದ ಬಳಿ ಬಂದವರನ್ನು ಕಚ್ಚುವ ನಾಯಿಗಳುಂಟು. ಹೊರಗೆ ತಿರುಗಾಡಿಸುವಾಗಲೂ ಎಳೆದುಕೊಂಡು ಓಡದೆ, ಮರದ ಬುಡ ಬೇಲಿಗಳನ್ನು ನಿಧಾನವಾಗಿ ಮೂಸಲು ಬಿಡಬೇಕು. ಅದು ಅದರ ವೃತ್ತಪತ್ರಿಕೆ.

ಇನ್ನು ಬೆಕ್ಕುಗಳ ಸಹವಾಸವನ್ನು ಕಲಿಸುವ ಬಗೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲೋವನು, ಊಟಕ್ಕೆ ಮುಂಚೆ ನಿಯಮವಾಗಿ ಒಂದು ಸೂಚನೆಯನ್ನು ಕೊಡುತ್ತ ಬಂದರೆ, ಆಮೇಲೆ ಆ ಸೂಚನೆ ಮಾತ್ರದಿಂದಲೇ ನಾಯಿಯ ಬಾಯಲ್ಲಿ ನೀರೂರುವುದೆಂದು ತೋರಿಸಿದನು. ಈ ತತ್ತ್ವ ನಮಗೂ ಒದಗುತ್ತದೆ. ನಾಯಿಯನ್ನು ಹಗ್ಗದಲ್ಲಿ ಹಿಡಿದು ಚಾಪೆಯ ಮೇಲೆ ಮಲಗಿಸಿ, ಬೆಕ್ಕು ದೂರದಲ್ಲಿ ಕಾಣಿಸಿದೊಡನೆ, ನಾಯಿ ನೆಗೆಯುವ ಮೊದಲೇ, ರುಚಿಯಾದ ತುಣುಕೊಂದನ್ನು ಕೊಡಬೇಕು. ಬೆಕ್ಕು ಮರೆಯಾದಾಗ ಕೊಡುವುದನ್ನು ನಿಲ್ಲಿಸಬೇಕು. ಐದು ನಿಮಿಷ ಸಾಕು. ನಾಯಿಯು ಬೆಕ್ಕನ್ನು ಕಂಡು ತಾನಾಗಿ ನಮ್ಮ ಮುಖ ನೋಡಲು ಕಲಿತ ಮೇಲೆ, ದಿನದಿನಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಬಹುದು.

ಬೆಕ್ಕುಗಳ ಪಕ್ಷವನ್ನೂ ವಹಿಸಬೇಕಷ್ಟೆ. ನಾಯಿಗೆ ನಿಲುಕದ ಅಟ್ಟ, ಕಪಾಟು, ಕಿಟಕಿಯ ಮೇಲಣ ಹಲಗೆ ಇಂತಹ ಆಶ್ರಯ ಪ್ರತಿ ಕೋಣೆಯಲ್ಲಿಯೂ ಇರಲಿ. ಅವುಗಳ ಊಟವೂ ಎತ್ತರದಲ್ಲಿರಲಿ, ಮರಳಿನ ತಟ್ಟೆ ನಾಯಿ ಹೋಗಲಾರದ ಕಡೆ ಇರಲಿ. ಬೆಕ್ಕಿನ ದೇಹಕ್ಕೆ ಟೌರಿನ್ ಎಂಬ ಸತ್ತ್ವವು ಆಹಾರದಿಂದಲೇ ದೊರೆಯಬೇಕು. ಇಲ್ಲದಿದ್ದರೆ ಕಣ್ಣಿಗೂ ಹೃದಯಕ್ಕೂ ಕೇಡು. ಆದುದರಿಂದ ನಾಯಿಯ ಎಂಜಲಿನಲ್ಲಿ ಬೆಕ್ಕನ್ನು ಸಾಕತಕ್ಕದ್ದಲ್ಲ. ಸ್ನೇಹ ಮಾಡಿಸುವೆನೆಂದು ಬೆಕ್ಕನ್ನೆತ್ತಿ ನಾಯಿಯ ಮೂಗಿಗೆ ಹಿಡಿಯುವುದಂತೂ ಕೂಡದು.

ನಿಷೇಧಗಳು ಇನ್ನೂ ಕೆಲವುಂಟು. ಹೊಡೆಯಬಾರದು, ಹೊಡೆದರೆ ಬೆಕ್ಕು ಕಂಡಾಗ ಪೆಟ್ಟು ಬೀಳುವುದೆಂಬ ವಿಪರೀತ ಪಾಠವೇ ನಾಯಿಗೆ ನಿಲ್ಲುತ್ತದೆ. ಟಾರ್ಚಿನ ಬೆಳಕನ್ನು ಗೋಡೆಯ ಮೇಲೆ ಆಡಿಸಿ ಓಡಿಸಬಾರದು. ಕೈಗೆ ಸಿಕ್ಕದ ಬೇಟೆ ಕೆಲವು ನಾಯಿಗಳಿಗೆ ಗೀಳಾಗುತ್ತದೆ. ಬೇಯಿಸಿದ ಮೂಳೆ, ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳನ್ನು ಕೊಡಬಾರದು. ದಿನವೆಲ್ಲ ಆಡಿಸುವುದೂ ಸಲ್ಲದು; ನಾಯಿಗೆ ದಿನದ ಅರ್ಧದಷ್ಟು ನಿದ್ರೆ ವಿಶ್ರಾಂತಿಗಳು ಬೇಕು. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಚಡಪಡಿಸತೊಡಗಿದರೆ ನೋವಿದ್ದೀತು; ಪಶುವೈದ್ಯರಿಗೆ ತೋರಿಸಬೇಕು.

ಒಂದು ಎಚ್ಚರಿಕೆಯನ್ನು ಮುಚ್ಚಿಡಬಾರದು. ಬೆಕ್ಕನ್ನು ಕಂಡೊಡನೆ ನಾಯಿಯು ಬೊಗಳದೆ, ಮೈ ಬಿಗಿದು, ಎವೆಯಿಕ್ಕದೆ ನೋಡುತ್ತ, ಮುಂದೆ ಹಿಡಿದ ತಿನಿಸನ್ನೂ ಲಕ್ಷ್ಯಕ್ಕೆ ತಾರದಿದ್ದರೆ, ಅದು ಆಟವಲ್ಲ, ಬೇಟೆ. ಅಂತಹ ಮನೆಯಲ್ಲಿ ನಡುವೆ ಬಾಗಿಲು ಹಾಕಿ ಎರಡನ್ನೂ ಬೇರೆಬೇರೆಯಾಗಿ ಸಾಕುವುದೇ ಧರ್ಮ. ಸ್ನೇಹವಾದಂತೆ ತೋರಿದ ಮೇಲೂ ಯಾರೂ ಇಲ್ಲದಾಗ ಕೆಲವು ತಿಂಗಳು ಒಂದೇ ಕೋಣೆಯಲ್ಲಿ ಬಿಡಬಾರದು. ಒಂದು ಕ್ಷಣದ ಅಜಾಗ್ರತೆಗೆ ಬೆಕ್ಕು ತೆರುವ ಬೆಲೆ ಪ್ರಾಣ.

ಉಳಿದ ಮನೆಗಳಲ್ಲಿ ಇವೆಲ್ಲವನ್ನೂ ಒಂದೆರಡು ತಿಂಗಳು ತಪ್ಪದೆ ನಡೆಸಿ ನೋಡಲಿ. ಖರ್ಚು ಒಂದು ಹಳೆಯ ಟವಲು, ನಾಲ್ಕು ರೊಟ್ಟಿ ಚೂರು, ದಿನಕ್ಕೆ ಅರ್ಧ ಗಂಟೆ. ಮಕ್ಕಳಿಗೆ ಬಚ್ಚಿಡುವ ಭಾಗವನ್ನು ದೊಡ್ಡವರ ಕಣ್ಣೆದುರಿನಲ್ಲಿ ವಹಿಸಿಕೊಟ್ಟರೆ ಅವರಿಗೂ ಒಂದು ಉದ್ಯೋಗವಾದಂತಾಯಿತು. ನಾಯಿಯನ್ನು ಬಿಟ್ಟುಬರುವ ಮಾತನ್ನು ಅಷ್ಟು ದಿನ ಹಿರಿಯರು ತಡೆದಿರಲೆಂದು ನನ್ನ ವಿಜ್ಞಾಪನೆ.